ಮೂರು ಗಂಟೆಯ ಚೌಕಾಬಾರ

ಸಿಂದಗಿಯ ನಾಜಿಮಾಳ ಕೈಗೆ ಸಿಕ್ಕ ಹರಕು ಬಟ್ಟೆ ಹರಕಾಗಿಯೇ ಉಳಿದದ್ದನ್ನು ನಾನು ಕಂಡಿಲ್ಲ. ಹೊಲಿಗೆ ಬಿಚ್ಚಿದ ಜಂಪರು, ಜಿಪ್ಪು ಹೋದ ಪಾಟಿಚೀಲ, ಇಲಿ ಕಡಿದ ಕೌದಿ, ಏನೇ ತಂದು ಮುಂದಿಟ್ಟರೂ ಎರಡು ಸಲ ತಿರುವಿ ನೋಡಿ, "ಬಿಟ್ಟ ಹೋಗ್ರಿ, ಸಂಜೀಕ ಬರ್ರಿ" ಎನ್ನುವಳು. ಆಗುವುದಿಲ್ಲ ಎಂಬ ಮಾತು ಅವಳ ಬಾಯಿಂದ ಬಂದದ್ದೇ ಇಲ್ಲ. ಗಿರಾಕಿಗಳಿಗೆ ಅದು ಚಂದ. ನನಗೆ ಒಮ್ಮೊಮ್ಮೆ ಸಿಟ್ಟೇ ಬರುತ್ತಿತ್ತು. ನಮ್ಮ ಕಷ್ಟ ಹೇಳಿಕೊಂಡು ಹಾಯಾಗಿ ಒಂದಿಷ್ಟು ಅಳೋಣವೆಂದರೆ, ಕಣ್ಣಿಗೆ ನೀರು ಬರುವ ಮೊದಲೇ ಇವಳು ಉಪಾಯ ಹುಡುಕಿ ಮುಗಿಸಿರುತ್ತಿದ್ದಳು.

ಅವಳ ಅಪ್ಪನೂ ಟೇಲರು, ಅಜ್ಜನೂ ಟೇಲರು. ಹುಟ್ಟಿದ್ದು ಸಿಂದಗಿ, ಮದುವೆಯಾಗಿ ಹೋದದ್ದು ಅದೇ ಸಿಂದಗಿಯ ಇನ್ನೊಂದು ಓಣಿ. ಗಂಡ ಖಾಜಾಸಾಬ ಮಾರ್ಕೆಟ್ಟಿಗೆ ತೊಗರಿ ಚೀಲ ಹೇರುವ ಮೂರು ಗಾಲಿಯ ಟಂಟಂ ಓಡಿಸುತ್ತಾನೆ. ಮನೆಯ ಮುಂದಿನ ಪಡಸಾಲೆಯಲ್ಲಿ ಎರಡು ಮಷಿನ್ನು, ಒಂದು ಕತ್ತರಿಸುವ ಟೇಬಲ್ಲು. ನಲವತ್ತು ದಾಟಿದ ಹೆಂಗಸು. ತವರು ಎರಡು ಓಣಿ ಆಚೆಗಿದ್ದರೂ ಹಬ್ಬಕ್ಕಷ್ಟೇ ಹೋಗುವಳು, ಹೊಲಿಗೆಯ ಗಡಿಬಿಡಿ ಹಾಗಿರುತ್ತಿತ್ತು. ಗೆಳತಿಯರೆಂದರೆ ನಾವು ಮೂವರೇ, ಅದೂ ಮೂರು ಬೇರೆ ಬೇರೆ ಊರಲ್ಲಿ.

ಆರು ವರ್ಷದ ಹಿಂದೆ ವಿಜಯಪುರದಲ್ಲಿ ಹೆಂಗಸರಿಗೆ ಚೀಲ ಹೊಲಿಯುವ ಹತ್ತು ದಿನದ ತರಬೇತಿ ನಡೆದಿತ್ತು. ನಮ್ಮ ನಾಲ್ವರನ್ನು ಒಂದೇ ಕೋಣೆಗೆ ತುಂಬಿದರು. ಸಿಂದಗಿಯಿಂದ ನಾಜಿಮಾ, ಇಂಡಿಯಿಂದ ನಿಷತ, ಮುದ್ದೇಬಿಹಾಳದಿಂದ ಬಾಳಮ್ಮ, ಬಸವನ ಬಾಗೇವಾಡಿಯಿಂದ ನಾನು ಸುನಂದಾ, ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುವವಳು. ನಿಷತ ಎಲ್ಲರಿಗಿಂತ ಸಣ್ಣವಳು, ನಮ್ಮನ್ನೆಲ್ಲ ಅಕ್ಕಾ ಎನ್ನುತ್ತಿದ್ದಳು. ಚೀಲದ ವಿದ್ಯೆ ನನಗಂತೂ ಹತ್ತಲಿಲ್ಲ. ಆದರೆ ದಿನಾ ಸಂಜೆ ಕೋಣೆಯ ನೆಲದ ಮೇಲೆ ಚಾಕ್‌ಪೀಸಿನಿಂದ ಮನೆ ಬರೆದು ಚೌಕಾಬಾರ ಆಡಿದ್ದು, ಒಬ್ಬರ ಕಾಯಿ ಒಬ್ಬರು ಕಡಿದದ್ದು, ಬೈದಾಡಿದ್ದು, ಹೊಟ್ಟೆ ಹಿಡಿದುಕೊಂಡು ನಕ್ಕದ್ದು, ಅವು ಮದುವೆಯಾದ ಮೇಲೆ ನನಗೆ ಸಿಕ್ಕ ಅತ್ಯಂತ ಒಳ್ಳೆಯ ಹತ್ತು ದಿನಗಳು. ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ. ಹನ್ನೊಂದನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ನಾಲ್ವರೂ ಅತ್ತೆವು.

ಮನೆಗೆ ಬಂದ ಮೇಲೆ ಫೋನಿನಲ್ಲಿ ಒಂದು ಗ್ರೂಪು ಮಾಡಿಕೊಂಡೆವು. ಆರು ತಿಂಗಳು ಬರೀ ಗುಲಾಬಿ ಹೂವು, ಶುಭ ಮುಂಜಾನೆ. ಬೆಳಿಗ್ಗೆ ಐದಕ್ಕೆದ್ದು ನೂರಾ ಎಂಬತ್ತು ಮಕ್ಕಳಿಗೆ ಅನ್ನ ಸಾರು ಮಾಡುವವಳಿಗೆ ಗುಲಾಬಿ ಹೂವು ತೋರಿಸಿದರೆ ಹೇಗಾಗಬೇಡ? ಆಮೇಲೆ ನಿಷತ ಫೋನಿನ ಲೂಡೋ ಆಟ ಕಲಿಸಿದಳು. ಅದರಲ್ಲಿ ಆಟಕ್ಕಿಂತ ಜಾಹೀರಾತೇ ಹೆಚ್ಚು. ಕವಡೆಯ ಸದ್ದಿಲ್ಲ, ಮೋಸ ಮಾಡಲಂತೂ ದಾರಿಯೇ ಇಲ್ಲ. ಮೋಸವಿಲ್ಲದ ಆಟವೂ ಒಂದು ಆಟವೇ?

ಉಪಾಯ ಕಂಡುಹಿಡಿದದ್ದು ನಾಜಿಮಾ. ಕತ್ತರಿಸುವ ಟೇಬಲ್ಲಿನ ಮೇಲೆ, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಐದೈದು ಮನೆಯ ಚೌಕ ಬರೆದಳು. ಜಂಪರು ನೇತುಹಾಕುವ ಸರಳಿಗೆ ತಳದಲ್ಲಿ ತೂತಿರುವ ಬಟ್ಟೆಯ ಜೋಳಿಗೆ ಹೊಲಿದು, ಅದರಲ್ಲಿ ಫೋನನ್ನು ಅಂಗಾತ ಮಲಗಿಸಿದಳು. ಕೆಳಗಿನ ಕ್ಯಾಮೆರಾದ ಕಣ್ಣು ಆಟದ ಮನೆ ನೋಡುತ್ತಿತ್ತು, ಮೇಲಿನ ಪರದೆಯಲ್ಲಿ ಅವಳಿಗೆ ನಾವು ಮೂವರೂ ಕಾಣುತ್ತಿದ್ದೆವು. ಕಾಯಿಗೆ ಗುಂಡಿಗಳು: ನಂದು ಹಳದಿ, ನಿಷತಂದು ಹಸಿರು, ಬಾಳಮ್ಮಂದು ಕೆಂಪು, ತನ್ನದು ಬಿಳಿ. ನಾಲ್ವರ ಪಾಳಿಯ ಕವಡೆಯನ್ನೂ ಅವಳೇ ಎಸೆಯುವಳು. ನಾವು ನಮ್ಮ ನಮ್ಮ ಊರಿನಿಂದ "ಆ ಕಾಯಿ ನಡಸ, ಈ ಕಾಯಿ ಕಡಿ" ಎಂದು ಒದರುವುದು. ಆಟದುದ್ದಕ್ಕೂ ಅವಳ ಮುಖ ನಮಗೆ ಕಾಣುತ್ತಿರಲಿಲ್ಲ, ಸೂಜಿ ಚುಚ್ಚಿ ಚುಚ್ಚಿ ಗಡುಸಾದ ಎರಡು ಕೈ ಅಷ್ಟೇ.

ಮಧ್ಯಾಹ್ನ ಮೂರರಿಂದ ನಾಲ್ಕು ನಮ್ಮ ಹೊತ್ತು. ಪಾತ್ರೆ ತೊಳೆದಾಗಿರುತ್ತದೆ, ಚಹಾದ ಹೊತ್ತು ಇನ್ನೂ ಬಂದಿರುವುದಿಲ್ಲ, ಮನೆಯ ಗಂಡಸರು ಯಾರೂ ಇರುವುದಿಲ್ಲ. ಆಟದ ಜೊತೆಗೆ ಎಲ್ಲವೂ ನಡೆಯುತ್ತಿತ್ತು. ನಿಷತಳ ಮಗಳು ಮೊದಲ ಹೆಜ್ಜೆ ಇಟ್ಟದ್ದನ್ನು ಅವಳ ಗಂಡನಿಗಿಂತ ಮೊದಲು ನೋಡಿದವರು ನಾವು. ನಾನು ಸೀರೆ ಕೊಳ್ಳಲು ಅಂಗಡಿಯಲ್ಲಿ ಕುಳಿತಾಗ, ಮೂರು ಊರಿನಿಂದ ಮೂವರು "ಅದು ಬ್ಯಾಡ, ಮುದುಕಿ ಕಾಣ್ತಿ" ಎಂದು ಅಂಗಡಿಯವನ ತಲೆ ತಿಂದರು. ರಂಜಾನಿನಲ್ಲಿ ನಾಜಿಮಾ, ನಿಷತ ಇಬ್ಬರೂ ರೋಜಾ ಇದ್ದಾಗ, ನಾನೂ ಬಾಳಮ್ಮನೂ ಫೋನಿನ ಮುಂದೆ ನೀರು ಸಹಿತ ಕುಡಿಯುತ್ತಿರಲಿಲ್ಲ.

ಇಯರ್‌ಫೋನಿನ ಕಾಯಿದೆಯೂ ನಾಜಿಮಾಳದೇ. ಮೊದಲ ವಾರವೇ ನಿಷತಳ ಅತ್ತೆ, "ಯಾರವರು, ಕುದರಿಗತೆ ಕೆನೀತಾರ?" ಎಂದು ಕೇಳಿದ್ದರಂತೆ. ನಾಜಿಮಾ ಅಲ್ಲಿಯೇ ತೀರ್ಮಾನ ಕೊಟ್ಟಳು: "ನಾಳಿಂದ ಎಲ್ಲಾರೂ ಕಿವ್ಯಾಗ ವಾಯರ್ ಹಾಕ್ಕೊಂಡ ಕುಂದರ್ರಿ. ಫೋನ್ ಸೈಲೆಂಟಿಗೆ ಇಡ್ರಿ. ನಮ್ಮ ನಗಿ ನಮ್ಮ ಕಿವ್ಯಾಗ ಇರ್ಲಿ." ನಮಗೆ ಅದು ಬಹಳ ಬುದ್ಧಿವಂತಿಕೆಯ ಮಾತು ಅನ್ನಿಸಿತು. ಅತ್ತೆಗೆ ಕೇಳಿಸದ ಹಾಗೆ ನಗಲು ಸಾಧ್ಯವಾದರೆ ಯಾವ ಸೊಸೆ ಬೇಡ ಎನ್ನುತ್ತಾಳೆ?

ಇನ್ನು ಬಾಳಮ್ಮ. ಅವಳಿಲ್ಲದಿದ್ದರೆ ಆಟಕ್ಕೆ ಉಪ್ಪೇ ಇರುತ್ತಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕುಳಿತು, ಒಂದು ಹಿಟ್ಟಿನ ಡಬ್ಬಿಗೆ ಫೋನ್ ಒರಗಿಸಿಕೊಳ್ಳುತ್ತಿದ್ದಳು. ಅತ್ತೆ ತಂಬಾಕು ಹಾಕಿಕೊಂಡು ಮಾತಾಡುವ ರೀತಿ, ರೇಷನ್ ಅಂಗಡಿಯವನು ಬೆರಳು ಒತ್ತಿಸಿಕೊಳ್ಳುವ ರೀತಿ, ಬಸ್ಸಿನಲ್ಲಿ ಕುಡುಕನೊಬ್ಬ ಕಂಡಕ್ಟರನಿಗೆ ಚಿಲ್ಲರೆ ಕೇಳುವ ರೀತಿ, ಎಲ್ಲವನ್ನೂ ಮಾಡಿ ತೋರಿಸುವಳು. ಬಾಯಿ ಸೊಟ್ಟ ಮಾಡಿ, ಕಣ್ಣು ತೇಲಿಸಿ, ನಾಲಿಗೆ ದಪ್ಪ ಮಾಡಿ ಅವಳು ಕುಡುಕನಾದಳೆಂದರೆ ನಾಜಿಮಾಳ ಕೈಯಿಂದ ಕವಡೆ ಜಾರಿ ಬೀಳುತ್ತಿದ್ದವು. ಸೋತಾಗ ಮಾತ್ರ ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, "ನಾಜಿಮಾ, ನಿನ್ನ ಕವಡಿ ಸರಿಯಿಲ್ಲ" ಎಂದು ಜಗಳ.

ಸೋತವರು ಒಡಪು ಹೇಳಿ ಗಂಡನ ಹೆಸರು ಹೇಳಬೇಕೆಂಬ ದಂಡವಿತ್ತು. ಬೇರೆ ಹೊತ್ತಿನಲ್ಲಿ ಗಂಡನ ಹೆಸರು ನಾವ್ಯಾರೂ ಎತ್ತುವುದಿಲ್ಲ, ನಮ್ಮ ಕಡೆ ಹಾಗೆ. ನಾಜಿಮಾ, ನಿಷತ, ನಾನು ಹೇಗೋ ಪ್ರಾಸ ಕೂಡಿಸಿ ಹೇಳಿಬಿಡುತ್ತಿದ್ದೆವು. ಬಾಳಮ್ಮ ಜಪ್ಪಯ್ಯ ಎಂದರೂ ಹೇಳುತ್ತಿರಲಿಲ್ಲ. "ಆಲಮಟ್ಟಿ ಡ್ಯಾಮಿಗೆ ಇಪ್ಪತ್ತಾರು ಗೇಟು, ನಮ್ಮ ಮನಿಯವರ ಹೆಸರ ಹೇಳಾಕ ಇನ್ನೂ ಐತಿ ಲೇಟು" ಎಂದು ನಕ್ಕು ಜಾರಿಕೊಳ್ಳುವಳು. ನಾವೂ ನಕ್ಕು ಬಿಟ್ಟುಬಿಡುತ್ತಿದ್ದೆವು. ಅವಳ ಗಂಡನ ಹೆಸರು ಕಟ್ಟಿಕೊಂಡು ನಮಗೇನಾಗಬೇಕಿತ್ತು?

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ, ಒಂದು ಗುರುವಾರ. ಆಟ ಶುರುವಾಗಿ ಇಪ್ಪತ್ತು ನಿಮಿಷವಾಗಿತ್ತು. ಬಾಳಮ್ಮನ ಪಾಳಿ. ನಾಜಿಮಾ ಎಸೆದ ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದವು.

"ಚೌಕಾ! ಏ ಬಾಳು, ನಿಷತನ ಕಾಯಿ ಸಿಗತೈತಿ ನೋಡ. ಕಡೀಲೇನ?" ಎಂದಳು ನಾಜಿಮಾ.

ಬಾಳಮ್ಮ ಏನೋ ಅಂದಳು. ನಾಲಿಗೆ ದಪ್ಪವಾಗಿತ್ತು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಎರಡು ದಿನದ ಹಿಂದಷ್ಟೇ ಅವಳು ಆ ಬಸ್ಸಿನ ಕುಡುಕನನ್ನು ಮಾಡಿ ತೋರಿಸಿದ್ದಳು.

ನಾವು ನಕ್ಕೆವು.

ಎಡಗೈ ಎತ್ತಿ, ಮತ್ತೊಮ್ಮೆ ಏನೋ ಅಂದಳು. ನಾವು ಇನ್ನೂ ಜೋರಾಗಿ ನಕ್ಕೆವು. ನಿಷತ, "ಅಕ್ಕಾ ಹಂಗ ಇರ, ಫೋಟೋ ತಗೀತೇನಿ" ಎಂದು ಪರದೆಯ ಫೋಟೋ ಹಿಡಿದಳು. ನಾನಂತೂ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅವಳು ನಿಧಾನವಾಗಿ ಒಂದು ಮಗ್ಗುಲಿಗೆ ವಾಲಿದಳು, ಗೋಡೆಗೆ ನಿಲ್ಲಿಸಿದ ಜೋಳದ ಚೀಲ ಜಾರುವ ಹಾಗೆ. ಆಗಲೂ ನಗುತ್ತಲೇ ಇದ್ದೆವು. ಆಮೇಲೆ ನಿಷತ ಫೋಟೋದ ವೇಳೆ ನೋಡಿ ಲೆಕ್ಕ ಹಾಕಿದಳು, ನಾವು ನಕ್ಕದ್ದು ಎರಡು ನಿಮಿಷಕ್ಕೂ ಮೇಲೆ. ಆ ಹುಡುಗಿಗೆ ಅದನ್ನು ಲೆಕ್ಕ ಹಾಕು ಎಂದು ಯಾರು ಹೇಳಿದ್ದರೋ!

ಮೊದಲು ನಗು ನಿಲ್ಲಿಸಿದವಳು ನಾಜಿಮಾ. "ಬಾಳು? ಸಾಕ ಮಾಡ, ಏಳ" ಎಂದಳು. ಬಾಳಮ್ಮ ಏಳಲಿಲ್ಲ. ಡಬ್ಬಿಗೆ ಒರಗಿಸಿದ ಫೋನು ನಿಂತ ಹಾಗೆಯೇ ನಿಂತಿತ್ತು. ಅದರಲ್ಲಿ ಗೋಡೆಯ ನೀಲಿ ಬಣ್ಣ ಬಳಿದ ಮಾಡ, ಸಾಲು ಡಬ್ಬಿ, ಕೆಳಗಿನ ಮೂಲೆಯಲ್ಲಿ ಅವಳ ಎರಡು ಪಾದ. ಕಾಲುಂಗುರ ಹಾಕಿದ ಬೆರಳು ಒಮ್ಮೆ ಅಲುಗಿತು.

ನಾಜಿಮಾ ಜೋಳಿಗೆಯಿಂದ ಫೋನ್ ಕಿತ್ತುಕೊಂಡಳು. ಅವಳ ಮುಖ ಕಂಡಿತು, ಬಿಳಿಚಿಕೊಂಡಿತ್ತು. ಮೂವರೂ ಕಿರಿಚಿದೆವು. "ಯಾರರ ಬರ್ರಿ! ಬಾಳಮ್ಮ ಬಿದ್ದಾಳ, ಬರ್ರೀ!" ನನ್ನ ಕೂಗಿಗೆ ನಮ್ಮ ಓಣಿಯವರು ಓಡಿ ಬಂದರು, ಮುದ್ದೇಬಿಹಾಳದಲ್ಲಿ ಯಾರೂ ಬರಲಿಲ್ಲ. ನಮ್ಮ ಕೂಗು ಹೋಗುತ್ತಿದ್ದದ್ದು ಅವಳ ಕಿವಿಯಿಂದ ಜಾರಿ ನೆಲಕ್ಕೆ ಬಿದ್ದ ಇಯರ್‌ಫೋನಿನೊಳಕ್ಕೆ. ಗೋಡೆಯಾಚೆ ಯಾರೋ ಖಾರ ಕುಟ್ಟುತ್ತಿದ್ದ ಸದ್ದು ನಮಗೆ ನಿಚ್ಚಳವಾಗಿ ಕೇಳುತ್ತಿತ್ತು. ನಮ್ಮ ಸದ್ದು ಅವರಿಗೆ ಕೇಳುತ್ತಿರಲಿಲ್ಲ.

ನಾನು ಪಕ್ಕದ ಮನೆಯವರ ಫೋನಿನಿಂದ ಬಾಳಮ್ಮನ ನಂಬರಿಗೆ ಹಚ್ಚಿದೆ, ಗಂಟೆ ಕೇಳಿಯಾದರೂ ಯಾರಾದರೂ ಬರಲಿ ಎಂದು. ಗಂಟೆ ಬಾರಿಸಲಿಲ್ಲ. ನಮ್ಮ ಕಾಯಿದೆ ಪ್ರಕಾರ ಫೋನು ಸೈಲೆಂಟಿನಲ್ಲಿತ್ತು. ನಡುಗಿತಷ್ಟೇ, ಪರದೆಯ ಮೇಲೆ ಮಾಡ, ಡಬ್ಬಿ, ಪಾದ ಎಲ್ಲವೂ ಗಡಗಡ ಅಲುಗಿದವು. ಮತ್ತೆ ಹಚ್ಚಿದರೆ ಫೋನೇ ಮಗುಚಿ ಬೀಳುತ್ತದೆಂದು ನಾಜಿಮಾ ಬೇಡವೆಂದಳು.

"ನೀವಿಬ್ಬರೂ ಇದನ್ನ ಕಟ್ ಮಾಡ್ರಿ, ಸಿಕ್ಕವರಿಗೆ ಫೋನ್ ಹಚ್ಚ್ರಿ. ನಾ ಅಕಿನ್ನ ನೋಡ್ಕೋತ ಇರ್ತೇನಿ" ಎಂದಳು.

ಆಂಬುಲೆನ್ಸಿಗೆ ಹಚ್ಚಿದೆ. ಆ ಕಡೆಯ ಹುಡುಗಿ ಸಮಾಧಾನದಿಂದಲೇ ಕೇಳಿದಳು, "ಅಡ್ರೆಸ್ ಹೇಳಿ ಮೇಡಂ."

"ಮುದ್ದೇಬಿಹಾಳರಿ."

"ಯಾವ ಏರಿಯಾ? ಮನೆ ಯಜಮಾನರ ಹೆಸರು?"

ಬಾಳಮ್ಮನ ಅಡುಗೆಮನೆಯ ಸಾಲಿನಲ್ಲಿ ಎಡಗಡೆಯ ಮೂರನೆಯ ಡಬ್ಬಿಯಲ್ಲಿ ಶೇಂಗಾ ಹಿಂಡಿ ಇದೆಯೆಂದು ಗೊತ್ತಿತ್ತು. ಬಾಳಮ್ಮನ ಮಗ ಬಾಗಲಕೋಟೆಯ ಹಾಸ್ಟೆಲ್ಲಿನಲ್ಲಿ ಓದುತ್ತಾನೆ, ಅವನಿಗೆ ಬದನೆಕಾಯಿ ಸೇರುವುದಿಲ್ಲ, ಅವಳ ಗಂಡ ಮಲಗಿದಾಗ ಹಲ್ಲು ಕಡಿಯುತ್ತಾನೆ, ಅವಳಿಗೆ ಎರಡನೆಯ ಬಸಿರು ಹೋದದ್ದು ಯಾವ ತಿಂಗಳು, ಎಲ್ಲವೂ ಗೊತ್ತಿತ್ತು. ಓಣಿ ಗೊತ್ತಿರಲಿಲ್ಲ. ಮನೆತನದ ಹೆಸರು ಗೊತ್ತಿರಲಿಲ್ಲ. ಗಂಡ ಏನೋ ಅಂಗಡಿ ಇಟ್ಟಿದ್ದಾನೆಂದು ಗೊತ್ತಿತ್ತು, ಏನು ಅಂಗಡಿ ಎಂದು ಐದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. "ಅಡ್ರೆಸ್ ಸಿಕ್ಕ ತಕ್ಷಣ ಫೋನ್ ಮಾಡಿ, ಗಾಡಿ ಕಳಿಸ್ತೀವಿ" ಎಂದಳು ಆ ಹುಡುಗಿ. ಪೊಲೀಸರಿಗೆ ಹಚ್ಚಿದೆ. ಅವರೂ ಅದನ್ನೇ ಕೇಳಿದರು, ಯಾರ ಮನಿರಿ?

ನಿಷತ ತರಬೇತಿ ಕೇಂದ್ರಕ್ಕೆ ಹಚ್ಚಿದಳು. ನಮ್ಮ ಹೆಸರು, ವಿಳಾಸ ಬರೆದುಕೊಂಡ ರಿಜಿಸ್ಟರು ಕಪಾಟಿನಲ್ಲಿದೆ, ಕಪಾಟಿನ ಕೀಲಿ ಮೇಡಂ ಹತ್ತಿರ, ಮೇಡಂ ಧಾರವಾಡಕ್ಕೆ ಹೋಗಿದ್ದಾರೆ ಎಂಬ ಉತ್ತರ ಬಂತು.

ನಾಜಿಮಾ ಸುಮ್ಮನೆ ಕೂಡುವವಳೇ? ಖಾಜಾಸಾಬ ಅಂದು ಮನೆಯಲ್ಲೇ ಬಿಟ್ಟು ಹೋಗಿದ್ದ ಫೋನಿನಿಂದ ಫಿರೋಜ ಸಾಬರಿಗೆ ಹಚ್ಚಿದಳು. ಫಿರೋಜ ಸಾಬರು ಮುದ್ದೇಬಿಹಾಳದವರು, ಐವತ್ತರ ಆಸುಪಾಸಿನವರು, ಜಂಪರಿನ ಒಳಪದರಕ್ಕೆ ಹಚ್ಚುವ ಅಸ್ತರಿನ ಬಟ್ಟೆಯ ವ್ಯಾಪಾರಿ. ವಾರಕ್ಕೊಮ್ಮೆ ಸಿಂದಗಿಗೆ ಬಂದು ಇವಳಿಗೆ ಅಸ್ತರು ಕೊಟ್ಟು ಹೋಗುವವರು. ಪುಣ್ಯಾತ್ಮ, ಒಂದು ಮಾತೂ ತಿರುಗಿ ಕೇಳದೆ ಅಂಗಡಿ ಬಿಟ್ಟು ಬೈಕು ಚಾಲೂ ಮಾಡಿದರು.

"ಯಾರ ಮನಿ ಹೇಳ್ರಿ ಅಕ್ಕಾರ, ಐದ ನಿಮಿಷದಾಗ ಹೋಗ್ತೇನಿ."

"ಬಾಳಮ್ಮ ಅಂತರಿ."

"ಯಾರ ಪೈಕಿ?"

"ಗೊತ್ತಿಲ್ರಿ."

"ಗಂಡನ ಹೆಸರ?"

"ಗೊತ್ತಿಲ್ರಿ ಅಣ್ಣಾರ. ಮನಿ ಬಾಜೂಕ ಹಿಟ್ಟಿನ ಗಿರಣಿ ಐತ್ರಿ. ದಿನಾ ಅದರ ಸಪ್ಪಳ ಕೇಳತೈತಿ."

ಮುದ್ದೇಬಿಹಾಳದಲ್ಲಿ ಹಿಟ್ಟಿನ ಗಿರಣಿಗೆ ಬರವೇ? ಫಿರೋಜ ಸಾಬರು ಒಂದೊಂದಾಗಿ ಸುತ್ತಿದರು. ಬೈಕು ನಿಲ್ಲಿಸಿ, "ಇಲ್ಲಿ ಬಾಳಮ್ಮ ಅಂತ ಯಾರರ ಅದಾರೇನ್ರಿ?" ಎಂದು ಕೇಳಿದರು. ಮಂದಿ ತಲೆ ಅಲ್ಲಾಡಿಸಿದರು. ಓಣಿಯಲ್ಲಿ ಸೊಸೆಯಂದಿರಿಗೆ ಹೆಸರೆಲ್ಲಿರುತ್ತದೆ? ಇಂಥವರ ಸೊಸೆ, ಇಂಥವನ ಹೆಂಡತಿ, ಇಂಥವನ ತಾಯಿ. ಆ ಊರಿಗೆ ಅವಳ ಹೆಸರು ಗೊತ್ತಿರಲಿಲ್ಲ, ನಮಗೆ ಹೆಸರೊಂದು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಫಿರೋಜ ಸಾಬರು ಅವಳ ಮನೆಯ ಮುಂದಿನಿಂದಲೇ ಎರಡು ಸಲ ಹಾದು ಹೋಗಿದ್ದರೆಂದು ಆಮೇಲೆ ತಿಳಿಯಿತು.

ಅಷ್ಟು ಹೊತ್ತೂ ನಾಜಿಮಾ ಒಂದು ಕೈಯಲ್ಲಿ ಗಂಡನ ಫೋನು, ಇನ್ನೊಂದು ಕೈಯಲ್ಲಿ ಬಾಳಮ್ಮನ ಪಾದ ಹಿಡಿದು ನಿಂತಿದ್ದಳು. ಹಾಗೆಂದೇ ಅವಳು ಆಮೇಲೆ ನನಗೆ ಹೇಳಿದಳು, ಪಾದ ಹಿಡಕೊಂಡಿದ್ನಿ ಅಂತ. ನಾನು ಐದೈದು ನಿಮಿಷಕ್ಕೊಮ್ಮೆ ಹಚ್ಚಿ ಕೇಳುತ್ತಿದ್ದೆ.

"ಬೆರಳ ಅಲಗಾಕತ್ತೈತಿ ಸುನಂದಾ. ಇನ್ನೂ ಅಲಗಾಕತ್ತೈತಿ."

ಇನ್ನೊಮ್ಮೆ ಹಚ್ಚಿದಾಗ ಅಳುತ್ತಿದ್ದಳು. ಬಾಳಮ್ಮನಿಗೆ ಕೇಳಿಸೀತೇನೋ ಎಂದು ಫೋನಿನಲ್ಲಿ ಮಾತಾಡುತ್ತಲೇ ಇದ್ದಳಂತೆ. "ಹೆದರಬ್ಯಾಡ ಬಾಳು, ಫಿರೋಜ ಸಾಬರು ಬರಾಕತ್ತಾರ, ಬಂದ್ರು, ಬಂದಬಿಟ್ರು" ಎಂದು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಗಿರಾಕಿಗಳಿಗೆ ಸಂಜೆಗೆ ಕೊಡುತ್ತೇನೆಂದರೆ ಸಂಜೆಗೇ ಕೊಡುವವಳು. ಖಾಜಾಸಾಬ ಬಂದು, "ನಾನ ಟಂಟಂ ತಗೊಂಡ ಹೊಂಟೆ" ಎಂದನಂತೆ. ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಟಂಟಂನಲ್ಲಿ ಮೂರು ತಾಸು. ಹೋಗಿ ನಿಂತು ಅವನಾದರೂ ಯಾರ ಹೆಸರು ಕೇಳಬೇಕಿತ್ತು?

ಅವಳು ಬಿದ್ದು ಐವತ್ತೈದು ನಿಮಿಷವಾಗಿತ್ತು, ಆಗ ಅವಳ ಅತ್ತೆ ಮನೆಗೆ ಬಂದಳು, ಕಸ್ತೂರೆವ್ವ ಎಂಬ ಹೆಸರೂ ನಮಗೆ ಆಮೇಲೆಯೇ ತಿಳಿದದ್ದು. ಯಾರದೋ ಮನೆಯ ಬಾಣಂತಿಯನ್ನು ನೋಡಲು ಹೋಗಿದ್ದಳಂತೆ. ಸೊಸೆಯನ್ನು ಕಂಡು ಒಮ್ಮೆಲೇ ಹೊಯ್ಕೊಂಡಳು, ಕಾಲು ತಾಗಿ ಡಬ್ಬಿ ಉರುಳಿತು, ಫೋನು ಕಟ್ಟಾಯಿತು. ಆಮೇಲೆ ಎಷ್ಟು ಹಚ್ಚಿದರೂ ಸ್ವಿಚ್ ಆಫ್.

ಸಂಜೆ ಆರಕ್ಕೆ ಫಿರೋಜ ಸಾಬರು ನಾಜಿಮಾಳಿಗೆ ಫೋನ್ ಮಾಡಿದರು. ಕಡೆಗೆ ಅವರು ದವಾಖಾನೆಗೇ ಹೋಗಿ ವಿಚಾರಿಸಿದ್ದರು. "ಲಕ್ವಾ ಹೊಡದೈತ್ರಿ. ಬಲಗಡೆ ಪೂರಾ ಹೋಗೈತಿ. ಬಾಗಲಕೋಟಿಗೆ ಒಯ್ದಾರ" ಎಂದರು. "ಅಕ್ಕಾರ, ಅಕಿ ನಮ್ಮ ಮಡಿವಾಳಪ್ಪನ ಹೇಂತಿರಿ. ಬಸ್ ಸ್ಟ್ಯಾಂಡ್ ಕಡೆ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಾನಲ್ರಿ, ಅವನ. ದಿನಾ ಅವನ ಕೂಡ ಕುಂತ ಚಾ ಕುಡೀತೇನಿ ನಾ. ಇವತ್ತೂ ಎರಡಕ್ಕ ಕುಡದ ಬಂದೇನಿ. ಒಂದ ಹೆಸರ ಹೇಳಿದ್ರ ಎರಡ ನಿಮಿಷರಿ..."

ನಾಜಿಮಾ ಆ ಮಾತನ್ನು ನನಗೆ ಫೋನಿನಲ್ಲಿ ಹಾಗೆ ಹಾಗೆಯೇ ಒಪ್ಪಿಸಿದಳು, ಒಂದಕ್ಷರ ಬಿಡದೆ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ಹೆಸರು ಹೇಳದ ಬಾಳಮ್ಮನ ಮೇಲೋ, ಹೇಳಬಾರದೆಂದು ಕಲಿಸಿದವರ ಮೇಲೋ, ಐದು ವರ್ಷ ಹರಟೆ ಹೊಡೆದ ನಮ್ಮ ಮೇಲೋ. ಅಂದು ಸಿಟ್ಟಿಗೆ ಇಯರ್‌ಫೋನಿನ ವಾಯರನ್ನು ಹಲ್ಲಿನಿಂದ ಕಚ್ಚಿ ಹರಿದೆ. ಅದರಿಂದ ಯಾರಿಗೇನು ಲಾಭ?

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾಜಿಮಾ ಮರುದಿನ ಬೆಳಿಗ್ಗೆಯೇ ನನ್ನಿಂದಲೂ ನಿಷತಳಿಂದಲೂ ಗಂಡನ ಹೆಸರು, ಓಣಿ, ಎಡ ಬಲದ ಮನೆಯವರ ನಂಬರು ಎಲ್ಲ ಬರೆಸಿಕೊಂಡಳು. ಹೊಲಿಗೆಗೆ ಬರುವ ಹೆಂಗಸರನ್ನೂ ಬಿಡಲಿಲ್ಲ, ಜಂಪರಿನ ಅಳತೆಯ ಕೆಳಗೆ ಅವರ ವಿಳಾಸ. "ಏನ ಟೇಲರಮ್ಮ, ರೇಷನ್ ಕಾರ್ಡ್ ಮಾಡಿ ಕೊಡ್ತಿಯೇನು?" ಎಂದು ಅವರು ನಗುವರು. ಇವಳು ನಗುತ್ತಿರಲಿಲ್ಲ. ಬಟ್ಟೆ ತಂದವರಿಗೆ, "ನೋಡ್ತೇನ್ರಿ, ಆದ್ರ ಆತು" ಎನ್ನಲು ಕಲಿತಳು. ಮೂರು ಗಂಟೆಗೆ ಯಾರೂ ಯಾರಿಗೂ ಫೋನ್ ಮಾಡಲಿಲ್ಲ.

ಒಂದೂವರೆ ತಿಂಗಳ ಮೇಲೆ ಬಾಳಮ್ಮನನ್ನು ಮನೆಗೆ ಕರೆತಂದಿದ್ದಾರೆಂದು ಫಿರೋಜ ಸಾಬರು ತಿಳಿಸಿದರು. ನಿಷತ ಬರಲಿಲ್ಲ. ಬಾಳಮ್ಮನ ಮುಖ ನೋಡುವ ಧೈರ್ಯ ತನಗಿಲ್ಲ ಎಂದಳು, ನಾನೂ ಒತ್ತಾಯಿಸಲಿಲ್ಲ. ನಾನು ಬಾಗೇವಾಡಿಯಿಂದ, ನಾಜಿಮಾ ಸಿಂದಗಿಯಿಂದ ಹೋಗಿ ಮುದ್ದೇಬಿಹಾಳ ಬಸ್ ಸ್ಟ್ಯಾಂಡಿನಲ್ಲಿ ಕೂಡಿದೆವು. ವೈಂಡಿಂಗ್ ಮಡಿವಾಳಪ್ಪನ ಮನೆ ಎಂದರೆ ಹಣ್ಣಿನ ಗಾಡಿಯವನೇ ಕೈ ಮಾಡಿ ತೋರಿಸಿದ. ನಡೆದರೆ ಏಳು ನಿಮಿಷದ ದಾರಿ.

ಬಾಳಮ್ಮ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದಳು. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ನಮ್ಮನ್ನು ಕಂಡು ಗುರುತು ಹಿಡಿದಳು, ಕಣ್ಣು ತುಂಬಿಕೊಂಡಳು. ಬಾಯಿ ತೆರೆದರೆ ಬರೀ "ಆ... ಆ..." ಎಂಬ ಸದ್ದು. ನಾಜಿಮಾ ಅವಳ ಎಡಗೈ ಹಿಡಿದುಕೊಂಡು ಕುಳಿತಳು. ನಾನು ತಂದಿದ್ದ ಬಾಳೆಹಣ್ಣನ್ನು ಕಸ್ತೂರೆವ್ವನ ಕೈಗೆ ಕೊಟ್ಟೆ.

ಮಡಿವಾಳಪ್ಪ ಅಂಗಡಿಯಿಂದ ಬಂದ. ಸಣಕಲು ಮನುಷ್ಯ, ಕೈಯೆಲ್ಲ ವಾರ್ನಿಶ್. ತಾನೇ ಚಹಾ ಮಾಡಿ ತಂದು ಕೊಟ್ಟ. ನಾವು ತರಬೇತಿಯ ಗೆಳತಿಯರೆಂದಷ್ಟೇ ಅವನಿಗೆ ಗೊತ್ತಿತ್ತು.

"ಡಾಕ್ಟರು ಬೈದ್ರರಿ" ಎಂದ, ನೆಲ ನೋಡುತ್ತ. "ಒಂದ ತಾಸ ಮೊದಲ ತಂದಿದ್ರ ಇಂಜೆಕ್ಷನ್ ಕೊಡಾಕ ಬರ್ತಿತ್ತು, ಮಾತರ ಉಳೀತಿತ್ತು ಅಂದ್ರು. ಏನ ಮಾಡೂದ್ರಿ? ಮನ್ಯಾಗ ಒಬ್ಬಾಕಿನ ಇದ್ಲು. ನೋಡವ್ರ ಯಾರೂ ಇದ್ದಿದ್ದಿಲ್ಲ."

ನಾನು ನಾಜಿಮಾಳ ಸೆರಗು ಜಗ್ಗಿದೆ. ಸುಮ್ಮನಿರು ಎಂದು. ಹೇಳಿದರೆ ಏನು ಬಂತು, ಹೋದ ಮಾತು ತಿರುಗಿ ಬರುತ್ತದೆಯೇ? ಅವಳು ಚಹಾದ ಬಟ್ಟಲು ಕೆಳಗಿಟ್ಟಳು.

"ನಾ ನೋಡಾಕತ್ತಿದ್ನಿರಿ ಅಣ್ಣಾರ" ಎಂದಳು. "ಫೋನಿನ್ಯಾಗ. ಆಟ ಆಡಾಕತ್ತಿದ್ವಿ ನಾವು. ಅಕಿ ಬಿದ್ದಾಗಿಂದ ನಿಮ್ಮ ಅವ್ವಾರ ಬರೂತನಕ ನೋಡ್ಕೋತ ಕುಂತಿದ್ನಿ. ನಿಮ್ಮ ಹೆಸರ ನಮಗ ಯಾರಿಗೂ ಗೊತ್ತಿದ್ದಿಲ್ರಿ."

ಕಸ್ತೂರೆವ್ವ ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು. ಮಡಿವಾಳಪ್ಪ ಈಗ ಎದ್ದು ನಮ್ಮನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾನೆ, ಬೈಯಲಿ ಎಂದು ನಾನು ಕಾದೆ. ಅವನು ಬೈಯಲಿಲ್ಲ. ಮುಂದಕ್ಕೆ ಸರಿದು ಕುಳಿತ. ಮುಖದಲ್ಲಿ ಎಂಥದೋ ಆಸೆ ಕಂಡಿತು.

"ಹಂಗಾರ ಅಕಿ ಕಡೀಕ ಮಾತಾಡಿದ್ದು ನಿಮ್ಮ ಕೂಡರಿ" ಎಂದ. "ಏನಂದ್ಲ್ರಿ? ಒಂದೂವರಿ ತಿಂಗಳಾತು, ಏನರ ಹೇಳಾಕ ನೋಡ್ತಾಳ, ಬರೂದಿಲ್ಲ. ಅವತ್ತ ಏನರ ಅಂದಿದ್ರ ಹೇಳ್ರಿ. ನನಗ ಕರಿ ಅಂದ್ಲೇನ? ಏನಂದ್ಲು?"

ಬಾಳಮ್ಮ ನಾಜಿಮಾಳನ್ನೇ ನೋಡುತ್ತಿದ್ದಳು. ನಾಜಿಮಾ ನನ್ನ ಕಡೆ ತಿರುಗಿದಳು.

"ಎರಡ ಸಲ ಏನೋ ಅಂದ್ಲರಿ" ಎಂದಳು ನಾಜಿಮಾ. "ನಾವು ನಗಾಕತ್ತಿದ್ವಿರಿ ಅಣ್ಣಾರ. ನಮಗ ಕೇಳಸಲಿಲ್ಲ."

ಮಡಿವಾಳಪ್ಪ "ಹೂಂ" ಎಂದ. ಬಟ್ಟಲುಗಳನ್ನು ತೆಗೆದುಕೊಂಡು ಒಳಗೆ ಹೋದ.